ಮಗುವಿನ ಬೆನ್ನು ಬಾಗಿದೆ, ಈ ಕಾಗದಕ್ಕೆ ಸಹಿ ಹಾಕಲೇ?

ಈ ಸಲ ಬಂದ ಪತ್ರಗಳಲ್ಲಿ ಹಲವು ಒಂದೇ ವಿಷಯದ ಸುತ್ತ ಇವೆ: ಎಳೆಯ ಮಕ್ಕಳ ಬೆನ್ನುಮೂಳೆ ಪಕ್ಕಕ್ಕೆ ಬಾಗುವ ಸ್ಕೋಲಿಯೋಸಿಸ್. ಅಂಕೋಲೆಯ ತಾಯಿಯೊಬ್ಬಳು ಬರೆದ ಪತ್ರವನ್ನು ಓದಿದ ಮೇಲೆ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ತಳ್ಳಿದ್ದೇನೆ. ಜ್ವರ, ನೆಗಡಿ, ಊಟ ಮಾಡದ ಮಕ್ಕಳ ಬಗ್ಗೆ ಕೇಳಿದವರು ದಯವಿಟ್ಟು ಕಾಯಬೇಕು.

ಪ್ರಶ್ನೆ: ಡಾಕ್ಟರಮ್ಮ, ನಮ್ಮದು ಅಂಕೋಲಾ ತಾಲೂಕಿನ ಒಂದು ಹಳ್ಳಿ. ಮಗನಿಗೆ ಒಂದೂಮುಕ್ಕಾಲು ವರ್ಷ. ಎಣ್ಣೆ ತಿಕ್ಕಿ ಮೀಯಿಸುವಾಗ ಬೆನ್ನಿನ ಎಡಗಡೆ ಉಬ್ಬಿದ ಹಾಗೆ ಕೈಗೆ ಸಿಗುತ್ತದೆ ಎಂದು ನಮ್ಮ ಅತ್ತೆ ಹೇಳಿದರು. ಪೇಟೆಯ ದೊಡ್ಡ ಆಸ್ಪತ್ರೆಯಲ್ಲಿ ಎಕ್ಸ್‌ರೇ ಮಾಡಿ 34 ಡಿಗ್ರಿ ಬಾಗಿದೆ ಎಂದರು. ಎಂಆರ್‌ಐ ಸರಿ ಇದೆಯಂತೆ. ಮೈಗೆ ಪ್ಲಾಸ್ಟರ್ ಹಾಕಬೇಕು, ಇಲ್ಲವೇ ಬ್ರೇಸ್ ಎಂಬ ಗಟ್ಟಿ ಕವಚ ತೊಡಿಸಬೇಕು, ಇವೆರಡರಲ್ಲಿ ಯಾವುದು ಮೇಲು ಎಂದು ತಿಳಿಯಲು ಒಂದು ಅಧ್ಯಯನ ನಡೆದಿದೆ, ಒಪ್ಪಿದರೆ ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಆರಿಸುತ್ತದೆ ಎಂದು ಕಾಗದ ಕೊಟ್ಟಿದ್ದಾರೆ. ನಮ್ಮ ಯಜಮಾನರು ‘ನನ್ನ ಮಗ ಪ್ರಯೋಗದ ಇಲಿಯಲ್ಲ’ ಎಂದು ಸಿಟ್ಟಾಗಿದ್ದಾರೆ. ನೆಂಟರು ದೊಡ್ಡವನಾದ ಮೇಲೆ ತಾನೇ ನೆಟ್ಟಗಾಗುತ್ತದೆ, ಬಿಡಿ ಎನ್ನುತ್ತಾರೆ. ಅತ್ತೆ ಮೀಯಿಸಿದ್ದು ಸರಿಯಾಗದೆ ಹೀಗಾಯಿತು ಎಂದೂ ಕೆಲವರು ಆಡಿಕೊಳ್ಳುತ್ತಿದ್ದಾರೆ. ಅತ್ತೆ ಮಗುವನ್ನು ಮುಟ್ಟುವುದನ್ನೇ ಬಿಟ್ಟಿದ್ದಾರೆ. ನಾನೇನು ಮಾಡಲಿ?

ಉತ್ತರ: ತಂಗಿ, ಮೊದಲು ನಿನ್ನ ಅತ್ತೆಯ ಮಾತು. ಈ ಪತ್ರಿಕೆಯನ್ನು ಅವರ ಕೈಗೆ ಕೊಡು, ಇಲ್ಲವೇ ನೀನೇ ಓದಿ ಹೇಳು. ಮಗುವನ್ನು ಕಾಲಿನ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ಮೀಯಿಸಿದ್ದರಿಂದ ಬೆನ್ನುಮೂಳೆ 34 ಡಿಗ್ರಿ ಬಾಗುವುದಿಲ್ಲ. ಈ ವಯಸ್ಸಿನ ಹೆಚ್ಚಿನ ಬಾಗುಗಳಿಗೆ ಕಾರಣವೇ ಸಿಗುವುದಿಲ್ಲ. ಗಂಡುಮಕ್ಕಳಲ್ಲಿ ಹೆಚ್ಚು, ಎಡಕ್ಕೆ ಹೆಚ್ಚು. ನಿನ್ನ ಮಗನದೂ ಹಾಗೆಯೇ ಇದೆ. ಅಷ್ಟೇ ಅಲ್ಲ, ಬೆನ್ನಿನ ಒಂದು ಪಕ್ಕದ ಪಕ್ಕೆಲುಬು ಎದ್ದು ನಿಂತದ್ದನ್ನು ಎಣ್ಣೆಗೈಯಲ್ಲಿ ಗುರುತಿಸಿದವರು ಅವರು. ಅಂಗಿ ತೊಡಿಸಿ ಕರೆತಂದ ಮಗುವಿನಲ್ಲಿ ಇದು ವೈದ್ಯರ ಕಣ್ಣಿಗೂ ತಪ್ಪಿಹೋಗುತ್ತದೆ. ಕುಮಟೆಯಲ್ಲಿ ನನ್ನ ಬಳಿ ಬಂದ ಇಂಥ ಮಕ್ಕಳಲ್ಲಿ ಬಹಳಷ್ಟನ್ನು ಮೊದಲು ಕಂಡವರು ಮೀಯಿಸುವ ಹೆಂಗಸರೇ. ನಿಮ್ಮ ಅತ್ತೆ ಈ ಮಗುವಿಗೆ ಉಳಿಸಿಕೊಟ್ಟಿರುವುದು ಕಾಲವನ್ನು. ಈ ರೋಗದಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಯಾಕೆ ಎಂದು ಹೇಳುತ್ತೇನೆ. ಹುಟ್ಟಿದ ಮಗುವಿನ ಎದೆಗೂಡಿನ ಗಾತ್ರ ದೊಡ್ಡವರದರ ನೂರಕ್ಕೆ 6ರಷ್ಟು ಮಾತ್ರ. ಐದು ವರ್ಷಕ್ಕೆ 30, ಹತ್ತಕ್ಕೆ 50. ಶ್ವಾಸಕೋಶದ ಗಾಳಿಚೀಲಗಳು ಹೆಚ್ಚುವುದೂ ಮುಖ್ಯವಾಗಿ ಈ ಮೊದಲ ವರ್ಷಗಳಲ್ಲೇ. ಆ ಹೊತ್ತಿನಲ್ಲಿ ಬೆನ್ನುಮೂಳೆ ತಿರುಚಿಕೊಂಡು ಬಾಗಿದರೆ ಒಂದು ಕಡೆಯ ಪಕ್ಕೆಲುಬುಗಳು ಒತ್ತರಿಸುತ್ತವೆ, ಶ್ವಾಸಕೋಶಕ್ಕೆ ಬೆಳೆಯಲು ಜಾಗ ಸಿಗುವುದಿಲ್ಲ. ಹದಿಮೂರು ಹದಿನಾಲ್ಕನೇ ವಯಸ್ಸಿನಲ್ಲಿ ಬರುವ ಬಾಗಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಅಲ್ಲಿ ಚಿಂತೆ ಹೆಚ್ಚಾಗಿ ಬೆನ್ನಿನ ಆಕಾರದ್ದು. ಇಲ್ಲಿ ಚಿಂತೆ ಉಸಿರಿನದು. ಚಿಕಿತ್ಸೆಯಿಲ್ಲದೆ ಬಿಟ್ಟ ಎಳವೆಯ ದೊಡ್ಡ ಬಾಗುಗಳು ಆಯುಷ್ಯವನ್ನೇ ಕಡಿಮೆ ಮಾಡುತ್ತವೆ ಎಂದು ಹಳೆಯ ರೋಗಿಗಳನ್ನು ದಶಕಗಟ್ಟಲೆ ಹಿಂಬಾಲಿಸಿದ ಸ್ವೀಡನ್ನಿನ ವೈದ್ಯರು 1992ರಲ್ಲಿ ತೋರಿಸಿದ್ದಾರೆ.

ಹಾಗಾದರೆ ‘ತಾನೇ ನೆಟ್ಟಗಾಗುತ್ತದೆ’ ಎನ್ನುವ ನೆಂಟರ ಮಾತು ಪೂರ್ತಿ ಸುಳ್ಳೇ? ಅಲ್ಲ. ಮೂರು ವರ್ಷದೊಳಗಿನ ಕೆಲವು ಬಾಗುಗಳು ನಿಜವಾಗಿಯೂ ತಾವಾಗಿ ಸರಿಹೋಗುತ್ತವೆ. ಯಾವುದು ಹೋಗುತ್ತದೆ, ಯಾವುದು ಬೆಳೆಯುತ್ತದೆ ಎಂದು ಮೊದಲೇ ತಿಳಿಯುವ ದಾರಿಯನ್ನು ತೋರಿಸಿಕೊಟ್ಟವರು ಲಂಡನ್ನಿನ ರಾಯಲ್ ನ್ಯಾಷನಲ್ ಆರ್ಥೋಪೆಡಿಕ್ ಆಸ್ಪತ್ರೆಯ ಡಾ. ಮಿನ್ ಮೆಹ್ತಾ. 1972ರಲ್ಲಿ ಅವರು ಪ್ರಕಟಿಸಿದ ಅಳತೆ ಸರಳವಾಗಿದೆ. ಎಕ್ಸ್‌ರೇಯಲ್ಲಿ ಬಾಗಿನ ನಡುವೆ ಅತಿ ಹೊರಕ್ಕೆ ಸರಿದ ಮೂಳೆಗೆ ಎಡ ಮತ್ತು ಬಲ ಪಕ್ಕೆಲುಬುಗಳು ಎಷ್ಟು ಕೋನದಲ್ಲಿ ಸೇರುತ್ತವೆ ಎಂದು ಅಳೆಯುವುದು, ಒಂದರಿಂದ ಇನ್ನೊಂದನ್ನು ಕಳೆಯುವುದು. ವ್ಯತ್ಯಾಸ 20 ಡಿಗ್ರಿಗಿಂತ ಕಡಿಮೆಯಿದ್ದರೆ ಬಹುಪಾಲು ಮಕ್ಕಳಲ್ಲಿ ಬಾಗು ಕರಗುತ್ತದೆ. ಹೆಚ್ಚಿದ್ದರೆ ಬಹುಪಾಲು ಬೆಳೆಯುತ್ತದೆ. ನೀನು ಪತ್ರದ ಜೊತೆ ಕಳಿಸಿದ ವರದಿಯ ನಕಲಿನಲ್ಲಿ ಈ ವ್ಯತ್ಯಾಸ 26 ಎಂದಿದೆ. ಆದ್ದರಿಂದ ನಿನ್ನ ಮಗನ ವಿಷಯದಲ್ಲಿ ಕಾದು ನೋಡುವ ಮಾತಿಲ್ಲ. ನೆಂಟರಿಗೆ ಇಷ್ಟನ್ನು ಹೇಳು, ಹೆಚ್ಚು ವಾದ ಬೇಡ.

ಅದೇ ಮೆಹ್ತಾ 2005ರಲ್ಲಿ ತಾವು ವರ್ಷಗಟ್ಟಲೆ ಪ್ಲಾಸ್ಟರ್ ಹಾಕಿ ನೋಡಿಕೊಂಡ 136 ಮಕ್ಕಳ ಕಥೆಯನ್ನು ಪ್ರಕಟಿಸಿದರು. ಅವರಲ್ಲಿ 94 ಮಕ್ಕಳು ಸರಾಸರಿ ಒಂದು ವರ್ಷ ಏಳು ತಿಂಗಳಿಗೆ, ಸರಾಸರಿ 32 ಡಿಗ್ರಿ ಬಾಗಿನೊಂದಿಗೆ ಬಂದವರು. ಮೂರೂವರೆ ವರ್ಷದ ಹೊತ್ತಿಗೆ ಅವರ ಬೆನ್ನು ನೆಟ್ಟಗಾಗಿತ್ತು. ಉಳಿದ 42 ಮಕ್ಕಳು ತಡವಾಗಿ, ಸರಾಸರಿ ಎರಡೂವರೆ ವರ್ಷಕ್ಕೆ, 52 ಡಿಗ್ರಿ ಬಾಗಿನೊಂದಿಗೆ ಬಂದರು. ಅವರಲ್ಲಿ ಬಾಗು ಕಡಿಮೆಯಾಯಿತೇ ಹೊರತು ಹೋಗಲಿಲ್ಲ. 15 ಮಕ್ಕಳಿಗೆ ಮುಂದೆ ಬೆನ್ನುಮೂಳೆ ಬೆಸೆಯುವ ಶಸ್ತ್ರಚಿಕಿತ್ಸೆಯೇ ಬೇಕಾಯಿತು. ತಂಗಿ, ಈ ಎರಡು ಗುಂಪುಗಳ ನಡುವಿನ ಅಂತರ ಹೆಚ್ಚುಕಡಿಮೆ ಒಂದು ವರ್ಷ. ನಿನ್ನ ಮಗನ ವಯಸ್ಸು ಮತ್ತು ಅಳತೆ ಮೊದಲ ಗುಂಪಿಗೆ ಹತ್ತಿರ ಇದೆ. ನಾನು ಇಷ್ಟು ಉದ್ದ ಬರೆಯುತ್ತಿರುವುದು ಇದಕ್ಕಾಗಿ.

ಪ್ಲಾಸ್ಟರ್ ಏನು ಮಾಡುತ್ತದೆ? ಅದು ಮೂಳೆಯನ್ನು ಬಲವಂತವಾಗಿ ಒತ್ತಿ ನೇರ ಮಾಡುವುದಲ್ಲ. ವಿಶೇಷ ಚೌಕಟ್ಟಿನ ಮೇಲೆ ಮಗುವನ್ನು ಮಲಗಿಸಿ, ಮೆಲ್ಲಗೆ ಎಳೆದು, ತಿರುಚನ್ನು ಬಿಡಿಸಿ, ಆ ಸ್ಥಿತಿಯಲ್ಲಿ ಎದೆ ಮತ್ತು ಹೊಟ್ಟೆಯ ಸುತ್ತ ಪ್ಲಾಸ್ಟರ್ ಸುತ್ತುತ್ತಾರೆ. 1960ರ ದಶಕದಲ್ಲಿ ಫ್ರಾನ್ಸಿನ ಕೊತ್ರೆಲ್ ಮತ್ತು ಮೊರೆಲ್ ರೂಪಿಸಿದ ವಿಧಾನ ಇದು. ಉಸಿರಿಗೂ ಊಟಕ್ಕೂ ಅಡ್ಡಿಯಾಗದಂತೆ ಹೊಟ್ಟೆಯ ಮೇಲೆ ಕಿಟಕಿ ಕತ್ತರಿಸಿರುತ್ತಾರೆ. ಮಗು ಬೆಳೆದಂತೆ ಎರಡು ಮೂರು ತಿಂಗಳಿಗೊಮ್ಮೆ ಬದಲಿಸುತ್ತಾರೆ. ಉಳಿದದ್ದನ್ನು ಮಗುವಿನ ಬೆಳವಣಿಗೆಯೇ ಮಾಡುತ್ತದೆ. ತೋಟದಲ್ಲಿ ವಾಲಿದ ಎಳೆಯ ಸಸಿಗೆ ಗೂಟ ಕೊಟ್ಟು ಕಟ್ಟುತ್ತೀರಲ್ಲ, ಹಾಗೆ. ಸಸಿ ಬೆಳೆಯುತ್ತಿರುವವರೆಗೆ ಮಾತ್ರ ಗೂಟಕ್ಕೆ ಅರ್ಥ.

ಈಗ ನಿನ್ನ ಯಜಮಾನರ ಸಿಟ್ಟು. ಅಪ್ಪನಾದವನಿಗೆ ಹಾಗೆ ಅನಿಸುವುದು ಸಹಜ, ಅದನ್ನು ತಳ್ಳಿಹಾಕುವವಳಲ್ಲ ನಾನು. ಆದರೆ ನಿಮಗೆ ಕೊಟ್ಟಿರುವುದು ‘ಚಿಕಿತ್ಸೆ ಕೊಡೋಣವೋ ಬಿಡೋಣವೋ’ ಎಂಬ ಚೀಟಿಯಲ್ಲ. ಎರಡೂ ಕಡೆ ಚಿಕಿತ್ಸೆಯೇ ಇದೆ. ಪ್ಲಾಸ್ಟರನ್ನು ಕಳಚಲಾಗದು, ಹಾಗಾಗಿ ದಿನಪೂರ್ತಿ ಕೆಲಸ ಮಾಡುತ್ತದೆ. ಆದರೆ ಹಾಕುವಾಗ ಸಾಮಾನ್ಯವಾಗಿ ಅರಿವಳಿಕೆ ಬೇಕು. ಬ್ರೇಸನ್ನು ಸ್ನಾನಕ್ಕೆ ಕಳಚಬಹುದು, ಅರಿವಳಿಕೆ ಬೇಡ. ಆದರೆ ಕಳಚಬಹುದಾದದ್ದನ್ನು ಅಳುವ ಮಗುವಿಗೆ ಮನೆಯಲ್ಲಿ ಎಷ್ಟು ಹೊತ್ತು ತೊಡಿಸುತ್ತೀರಿ ಎಂಬುದರ ಮೇಲೆ ಎಲ್ಲ ನಿಂತಿದೆ. ಎಳೆಮಕ್ಕಳಲ್ಲಿ ಯಾವುದು ಮೇಲು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಹೊರದೇಶದಲ್ಲೂ ವೈದ್ಯರು ಇದೇ ಹೋಲಿಕೆಯನ್ನು ಚೀಟಿ ಎತ್ತುವ ಕ್ರಮದಲ್ಲೇ ಕೈಗೆತ್ತಿಕೊಂಡಿದ್ದಾರೆ. ಒಬ್ಬ ವೈದ್ಯ ತನಗಿಷ್ಟವಾದದ್ದನ್ನು ಆರಿಸಿದರೆ ಸೌಮ್ಯ ಬಾಗಿನ ಮಕ್ಕಳಿಗೆ ಒಂದು, ಜೋರಾದವರಿಗೆ ಇನ್ನೊಂದು ಸಿಗುತ್ತದೆ. ಆಮೇಲೆ ಯಾವುದು ಗೆದ್ದಿತು ಎಂದು ಹೇಳುವುದು ಹೇಗೆ?

ದೊಡ್ಡ ಮಕ್ಕಳಲ್ಲಿ ಈ ದಾರಿಯಲ್ಲೇ ಉತ್ತರ ಸಿಕ್ಕಿದೆ. ಅಮೆರಿಕ ಮತ್ತು ಕೆನಡಾದಲ್ಲಿ 10ರಿಂದ 15 ವರ್ಷದ ಮಕ್ಕಳಿಗೆ ಬ್ರೇಸ್ ಉಪಯೋಗವೇ ಎಂದು ನೋಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಎಷ್ಟೋ ಅಪ್ಪ ಅಮ್ಮಂದಿರು ನಿಮ್ಮ ಯಜಮಾನರ ಹಾಗೆಯೇ ಚೀಟಿಗೆ ಒಪ್ಪಲಿಲ್ಲ. ಅವರಿಗೆ ತಾವೇ ಆರಿಸಿಕೊಳ್ಳಲು ಬಿಟ್ಟು, ಅವರ ಮಕ್ಕಳನ್ನೂ ಲೆಕ್ಕಕ್ಕೆ ತೆಗೆದುಕೊಂಡರು. 242 ಮಕ್ಕಳಲ್ಲಿ ಚೀಟಿಯಿಂದ ಬಂದವರು 116, ತಾವೇ ಆರಿಸಿದವರು 126. ಬ್ರೇಸ್ ತೊಟ್ಟವರಲ್ಲಿ ನೂರಕ್ಕೆ 72 ಮಂದಿಯ ಬಾಗು ಶಸ್ತ್ರಚಿಕಿತ್ಸೆಯ ಮಟ್ಟಕ್ಕೆ ಹೋಗಲಿಲ್ಲ, ತೊಡದೆ ಕಾದವರಲ್ಲಿ 48. ಬ್ರೇಸಿನೊಳಗೆ ಉಷ್ಣತೆ ಅಳೆಯುವ ಪುಟ್ಟ ಯಂತ್ರ ಇಟ್ಟು, ನಿಜಕ್ಕೂ ಎಷ್ಟು ತಾಸು ತೊಟ್ಟರು ಎಂದೂ ಲೆಕ್ಕ ಹಾಕಿದರು. ದಿನಕ್ಕೆ 13 ತಾಸಿನಷ್ಟು ಅಥವಾ ಹೆಚ್ಚು ತೊಟ್ಟವರಲ್ಲಿ ನೂರಕ್ಕೆ 90 ಮೀರಿ ಗೆದ್ದರು. ಲಾಭ ಇಷ್ಟು ಸ್ಪಷ್ಟವಾದ ಮೇಲೆ ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಇಂದು ನಾನು ಹೊನ್ನಾವರದ ಒಬ್ಬ ಹುಡುಗಿಗೆ ‘ಬ್ರೇಸ್ ತೊಡು ಮಗಾ’ ಎಂದು ಧೈರ್ಯದಿಂದ ಹೇಳುವುದು ಆ 242 ಮನೆಗಳವರು ಒಪ್ಪಿದ್ದರಿಂದ. ಆ ಅಪ್ಪಂದಿರೂ ತಮ್ಮ ಮಕ್ಕಳನ್ನು ಇಲಿ ಎಂದುಕೊಂಡವರಲ್ಲ.

ಸಹಿ ಹಾಕುವ ಮೊದಲು ಇಬ್ಬರೂ ಒಟ್ಟಿಗೆ ಹೋಗಿ ಕೇಳಿ. ಕಾಗದ ಕನ್ನಡದಲ್ಲಿ ಇದೆಯೇ? ಇಲ್ಲದಿದ್ದರೆ ಕನ್ನಡದ್ದು ಕೊಡಿ ಎನ್ನಿ, ಅದು ನಿಮ್ಮ ಹಕ್ಕು. ನಮ್ಮ ದೇಶದಲ್ಲಿ ಇಂಥ ಪ್ರಯೋಗಗಳನ್ನು ಸರಕಾರದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಾಯಿಸಿರಬೇಕು. ಆ ನೋಂದಣಿ ಸಂಖ್ಯೆ ಕೇಳಿ, ಅದು ಯಾರು ಬೇಕಾದರೂ ತೆರೆದು ನೋಡಬಹುದಾದ ಪಟ್ಟಿ. ಪ್ರಯೋಗದ ಸರಿತಪ್ಪುಗಳನ್ನು ಪರಿಶೀಲಿಸುವ ನೈತಿಕ ಸಮಿತಿಯ ಒಪ್ಪಿಗೆ ಪತ್ರ ಕೇಳಿ. ನಡುವೆ ಬಿಟ್ಟುಬರಬಹುದೇ, ಬಿಟ್ಟರೂ ಚಿಕಿತ್ಸೆ ಹಾಗೆಯೇ ನಡೆಯುತ್ತದೆಯೇ? ಹೌದು ಎಂದು ಬರವಣಿಗೆಯಲ್ಲಿ ಇರಬೇಕು. ಪ್ರಯೋಗದಿಂದಲೇ ತೊಂದರೆಯಾದರೆ ಖರ್ಚು ಯಾರದು ಎಂಬುದೂ ಬರವಣಿಗೆಯಲ್ಲಿ ಇರಬೇಕು. ಅಂಕೋಲೆಯಿಂದ ಮತ್ತೆ ಮತ್ತೆ ಹೋಗಿಬರುವ ಖರ್ಚು ಕೊಡುತ್ತೀರಾ ಎಂದು ಕೇಳಲು ಸಂಕೋಚ ಬೇಡ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಲ್ಲಿ ಇವೆಲ್ಲಕ್ಕೂ ಜಾಗವಿದೆ. ದೊಡ್ಡ ಚಿಕಿತ್ಸೆಗೆ ಜಿಲ್ಲೆಯ ಗಡಿ ದಾಟಿ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಎಂದು ಓಡುವ ನಮ್ಮ ಜನಕ್ಕೆ ಬಸ್ಸಿನ ಖರ್ಚು ಸಣ್ಣ ಮಾತಲ್ಲ. ಖರ್ಚಿಗೆ ಹೆದರಿ ಎರಡನೇ ಪ್ಲಾಸ್ಟರಿಗೆ ಹೋಗದೆ ಉಳಿದವರನ್ನು ನಾನು ಕಂಡಿದ್ದೇನೆ.

ಅರಿವಳಿಕೆಯ ಬಗ್ಗೆಯೂ ಕೇಳಿ. ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ತಾಸು ಮೀರಿದ ಅಥವಾ ಮತ್ತೆ ಮತ್ತೆ ಕೊಡುವ ಅರಿವಳಿಕೆ ಮಿದುಳಿನ ಬೆಳವಣಿಗೆಗೆ ತೊಂದರೆ ಮಾಡಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರ ಡಿಸೆಂಬರಿನಲ್ಲಿ ಎಚ್ಚರಿಸಿತು. ಒಂದು ತಾಸಿಗಿಂತ ಕಡಿಮೆಯ ಒಂದೇ ಸಲದ ಅರಿವಳಿಕೆಯಿಂದ ಐದನೇ ವರ್ಷದ ಬುದ್ಧಿಯಲ್ಲಿ ವ್ಯತ್ಯಾಸವಿಲ್ಲ ಎಂದು 7 ದೇಶಗಳ ಶಿಶುಗಳ ಅಧ್ಯಯನ 2019ರಲ್ಲಿ ಹೇಳಿದೆ. ಪ್ಲಾಸ್ಟರಿಗೆ ಬೇಕಾದದ್ದು ಪ್ರತಿ ಸಲ ಸ್ವಲ್ಪ ಹೊತ್ತಿನದು, ಆದರೆ ಹಲವು ಸಲ. ಎಷ್ಟು ಹೊತ್ತು, ಎಷ್ಟು ಸಲ, ಎಚ್ಚರದಲ್ಲೇ ಹಾಕುವ ಅಭ್ಯಾಸ ನಿಮ್ಮಲ್ಲಿದೆಯೇ ಎಂದು ಕೇಳಿ. ಕೆಲವು ಕಡೆ ಹಾಗೂ ಹಾಕುತ್ತಾರೆ. ಬೆಳೆಯುವ ಬಾಗನ್ನು ಬಿಟ್ಟುಬಿಡುವ ಅಪಾಯ ಇದಕ್ಕಿಂತ ದೊಡ್ಡದು ಎಂಬುದು ನನ್ನ ಅಭಿಪ್ರಾಯ.

ನೀವು ಒಪ್ಪಿದರೆ ನನಗೆ ಸಂತೋಷ. ಒಪ್ಪದಿದ್ದರೆ ಯಾರೂ ನಿಮ್ಮನ್ನು ಕೀಳಾಗಿ ಕಾಣಕೂಡದು, ಪ್ಲಾಸ್ಟರನ್ನೋ ಬ್ರೇಸನ್ನೋ ನೀವೇ ಆರಿಸಿಕೊಂಡು ಚಿಕಿತ್ಸೆ ಶುರುಮಾಡಿಸಿ. ಸಹಿಯ ವಾದದಲ್ಲಿ ತಿಂಗಳುಗಳು ಕಳೆಯಬಾರದು, ಅಷ್ಟೇ ನನ್ನ ಕೋರಿಕೆ.

ಪ್ಲಾಸ್ಟರ್ ಬಂದರೆ ನಮ್ಮ ಕರಾವಳಿಯ ಸೆಕೆಯೇ ದೊಡ್ಡ ಸವಾಲು. ಒಳಗೆ ಹತ್ತಿಯ ಬನಿಯನ್ ಇರುತ್ತದೆ, ಅದರ ಅಂಚನ್ನು ಒಣಗಿಸಿ ಇಟ್ಟುಕೊಳ್ಳಿ. ಸ್ನಾನ ಒದ್ದೆ ಬಟ್ಟೆಯಲ್ಲಿ ಒರೆಸುವುದಷ್ಟೇ. ಒಳಗೆ ಪೌಡರ್, ಎಣ್ಣೆ ಯಾವುದೂ ಬೇಡ. ತುರಿಕೆಗೆ ಕಡ್ಡಿ ತೂರಿಸಬೇಡಿ, ಚರ್ಮ ಕಿತ್ತು ಹುಣ್ಣಾಗುತ್ತದೆ. ಮಧ್ಯಾಹ್ನ ಫ್ಯಾನಿನ ಕೆಳಗೆ ಇರಲಿ, ಬೆವರುಸಾಲೆ ಕಡಿಮೆಯಾಗುತ್ತದೆ. ಹೊಟ್ಟೆ ಬಿಗಿಯಾಗುವುದರಿಂದ ಗಂಜಿ, ಅನ್ನ ಏನೇ ಇರಲಿ ಸ್ವಲ್ಪ ಸ್ವಲ್ಪ, ಹಲವು ಸಲ. ವಾಸನೆ ಬಂದರೆ, ಜ್ವರ ಬಂದರೆ, ಕಾಲು ಆಡಿಸುವುದು ಕಡಿಮೆಯಾದರೆ, ವಾಂತಿ ನಿಲ್ಲದಿದ್ದರೆ ಅದೇ ದಿನ ಆಸ್ಪತ್ರೆ. ಮಗು ಓಡಲಿ, ಬೀಳಲಿ, ಅಂಗಳದಲ್ಲಿ ಆಡಲಿ. ಮೊದಲ ವಾರ ಸಿಡಿಮಿಡಿ ಮಾಡುವ ಮಕ್ಕಳು ಆಮೇಲೆ ಪ್ಲಾಸ್ಟರ್ ಇದೆಯೆಂಬುದನ್ನೇ ಮರೆಯುತ್ತಾರೆ.

ಪ್ರಶ್ನೆ: ಕಾರವಾರದಿಂದ ಬರೆಯುತ್ತಿದ್ದೇನೆ. ಮಗಳಿಗೆ ಒಂಬತ್ತು ವರ್ಷ, ಬಾಗು 70 ಡಿಗ್ರಿ ದಾಟಿದೆ. ಬೆನ್ನೊಳಗೆ ಸರಳು ಹಾಕಿ, ಹೊರಗಿನಿಂದ ಅಯಸ್ಕಾಂತ ಹಿಡಿದರೆ ಅದು ಉದ್ದವಾಗುತ್ತದೆ ಎಂದು ಕೇಳಿದೆ. ಮತ್ತೆ ಮತ್ತೆ ಆಪರೇಶನ್ ಬೇಡವಂತೆ. ನಿಜವೇ?

ಉತ್ತರ: ನಿಜ. ಮೊದಲಿನ ಬೆಳೆಯುವ ಸರಳುಗಳನ್ನು ಉದ್ದ ಮಾಡಲು ಆರು ತಿಂಗಳಿಗೊಮ್ಮೆ ಬೆನ್ನು ಕೊಯ್ಯಬೇಕಿತ್ತು. ಅಯಸ್ಕಾಂತದ ಸರಳಿನ ಮೊದಲ ಫಲಿತಾಂಶಗಳನ್ನು ಹಾಂಗ್‌ಕಾಂಗ್‌ನ ವೈದ್ಯರು 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದಾಗ ನನ್ನಂಥವರಿಗೆಲ್ಲ ಬಹಳ ಆಸೆ ಹುಟ್ಟಿತು. ಮಗು ಮೇಜಿನ ಮೇಲೆ ಎಚ್ಚರವಾಗಿ ಮಲಗಿರುವಾಗಲೇ ಸರಳು ಕೆಲವು ಮಿಲಿಮೀಟರ್ ಬೆಳೆಯುತ್ತದೆ. ಆದರೆ ಹೊರತೆಗೆದ ಸರಳುಗಳಲ್ಲಿ ಸವೆತ, ಸುತ್ತಲಿನ ಅಂಗಾಂಶದಲ್ಲಿ ಲೋಹದ ಪುಡಿ ಕಂಡುಬಂದವು. 2020ರ ಏಪ್ರಿಲಿನಲ್ಲಿ ಬ್ರಿಟನ್ನಿನ ನಿಯಂತ್ರಣ ಸಂಸ್ಥೆ ಹೊಸದಾಗಿ ಅಳವಡಿಸುವುದನ್ನು ತಡೆಹಿಡಿಯಿತು. ಯಾವ ಸರಳೇ ಆಗಲಿ, ವರ್ಷ ಕಳೆದಂತೆ ಬೆನ್ನು ಬಿಗಿದುಕೊಂಡು ಪ್ರತಿ ಸಲ ಸಿಗುವ ಉದ್ದ ಕಡಿಮೆಯಾಗುತ್ತದೆ.

ನಿಮ್ಮ ಶಸ್ತ್ರವೈದ್ಯರನ್ನು ನೀವು ಕೇಳಬೇಕಾದದ್ದು ಬೇರೆ: ಇವಳ ಎದೆಭಾಗದ ಬೆನ್ನುಮೂಳೆಯ ಉದ್ದ ಈಗ ಎಷ್ಟು ಸೆಂಟಿಮೀಟರ್? ತೀರ ಎಳವೆಯಲ್ಲೇ ಬೆನ್ನು ಬೆಸೆದ ಮಕ್ಕಳನ್ನು ಹಿಂಬಾಲಿಸಿದ ಅಮೆರಿಕದ ಅಧ್ಯಯನವೊಂದು 2008ರಲ್ಲಿ ಹೇಳಿದ್ದು, ಆ ಉದ್ದ ಕನಿಷ್ಠ 18ರಿಂದ 22 ಸೆಂಟಿಮೀಟರ್ ತಲುಪದಿದ್ದರೆ ಉಸಿರಾಟದ ತೀವ್ರ ತೊಂದರೆ ಉಳಿಯುತ್ತದೆ ಎಂದು. ಒಂಬತ್ತನೇ ವರ್ಷದಲ್ಲಿ ಸರಳಿನೊಂದಿಗೆ ಕಾಯಬೇಕೇ, ಬೆಸೆಯಬಹುದೇ ಎಂಬ ತೀರ್ಮಾನಕ್ಕೆ ಈ ಅಳತೆ ಬೇಕು. ಮಗಳು ಯಾವುದಾದರೂ ಅಧ್ಯಯನಕ್ಕೆ ಸೇರುವುದಾದರೆ ನಿಮ್ಮ ಸಹಿಯೊಂದೇ ಸಾಲದು. ಏಳು ವರ್ಷ ದಾಟಿದ ಮಗುವಿಗೆ ಅದರ ಭಾಷೆಯಲ್ಲಿ ಹೇಳಿ, ಅದರ ಬಾಯಿಂದಲೂ ಒಪ್ಪಿಗೆ ಪಡೆಯಬೇಕು. ‘ಬೇಡ’ ಎಂದರೆ ಆ ಮಾತನ್ನು ಕೇಳಿಸಿಕೊಳ್ಳಬೇಕು.

ಪ್ರಶ್ನೆ: ಶಿರಸಿ ಸೀಮೆಯವನು, ಮೊಮ್ಮಗಳ ವಿಷಯ. ಮೂರು ವರ್ಷದ ಕೂಸು. ಬೆನ್ನಿನ ಒಂದು ಮೂಳೆ ಅರ್ಧವೇ ಬೆಳೆದಿದೆಯಂತೆ. ಬೆಲ್ಟ್ ಕೊಡಿ ಎಂದರೆ ಪ್ರಯೋಜನವಿಲ್ಲ ಎಂದರು, ಬದಲಿಗೆ ಕಿಡ್ನಿಯ ಸ್ಕ್ಯಾನ್ ಬರೆದರು. ಬೆನ್ನಿಗೂ ಕಿಡ್ನಿಗೂ ಏನು ಸಂಬಂಧ? ಬಸುರಿಯಿದ್ದಾಗ ಗ್ರಹಣದಲ್ಲಿ ಹೊರಗೆ ಹೋಗಿದ್ದು ಕಾರಣವೇ?

ಉತ್ತರ: ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ ಹಿರಿಯರೇ, ಸೊಸೆಗೆ ಇದನ್ನು ನೀವೇ ಬಾಯಿಬಿಟ್ಟು ಹೇಳಿ. ನಿಮ್ಮ ಮಾತಿಗೆ ಮನೆಯಲ್ಲಿ ತೂಕವಿದೆ. ಬೆನ್ನುಮೂಳೆಗಳು ರೂಪುಗೊಳ್ಳುವುದು ಗರ್ಭದ ನಾಲ್ಕರಿಂದ ಆರನೇ ವಾರದಲ್ಲಿ, ಎಷ್ಟೋ ಸಲ ಬಸುರಿ ಎಂದು ತಿಳಿಯುವ ಮೊದಲೇ. ಅದೇ ವಾರಗಳಲ್ಲಿ ಮೂತ್ರಪಿಂಡ ಮತ್ತು ಹೃದಯ ಕೂಡ ರೂಪುಗೊಳ್ಳುತ್ತಿರುತ್ತವೆ. ಹಾಗಾಗಿ ಮೂಳೆಯಲ್ಲಿ ಹುಟ್ಟುದೋಷವಿರುವ ಮಕ್ಕಳಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಮೂತ್ರಾಂಗದ ದೋಷವೂ ಇರುತ್ತದೆ. ಹೊಟ್ಟೆಯ ಸ್ಕ್ಯಾನ್, ಹೃದಯದ ಎಕೋ, ಬೆನ್ನುಹುರಿಯ ಎಂಆರ್‌ಐ, ಮೂರನ್ನೂ ಮಾಡಿಸಿ. ಬರೆದುಕೊಟ್ಟ ವೈದ್ಯರು ಸರಿಯಾಗಿಯೇ ಯೋಚಿಸಿದ್ದಾರೆ. ಅರ್ಧ ಮೂಳೆಯನ್ನು ಬೆಲ್ಟ್ ಪೂರ್ತಿ ಮಾಡಲಾರದು. ನಾಲ್ಕಾರು ತಿಂಗಳಿಗೊಮ್ಮೆ ಅಳೆಯುತ್ತಾರೆ. ಬಾಗು ಬೆಳೆಯುತ್ತಿದ್ದರೆ ಆ ಮೂಳೆಯನ್ನು ತೆಗೆದು ಎರಡು ಪಕ್ಕದವನ್ನಷ್ಟೇ ಬೆಸೆಯುವ ಶಸ್ತ್ರಚಿಕಿತ್ಸೆಯನ್ನು ಚಿಕ್ಕ ವಯಸ್ಸಿನಲ್ಲೇ ಮಾಡುತ್ತಾರೆ.

ಪ್ರಶ್ನೆ: ಪದೇ ಪದೇ ಎಕ್ಸ್‌ರೇ ತೆಗೆಸಿದರೆ ಕ್ಯಾನ್ಸರ್ ಬರುವುದಿಲ್ಲವೇ? (ಕುಮಟಾ)

ಉತ್ತರ: ನಿಮ್ಮ ಭಯಕ್ಕೆ ಆಧಾರವಿದೆ. 1912ರಿಂದ 1965ರವರೆಗೆ ಅಮೆರಿಕದಲ್ಲಿ ಸ್ಕೋಲಿಯೋಸಿಸ್‌ಗೆ ಚಿಕಿತ್ಸೆ ಪಡೆದ ಹೆಂಗಸರಲ್ಲಿ ಸ್ತನ ಕ್ಯಾನ್ಸರಿನ ಸಾವು ಹೆಚ್ಚಿತ್ತು ಎಂದು 2000ದಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಆಗಿನ ಯಂತ್ರಗಳ ವಿಕಿರಣ ಈಗಿನದಕ್ಕಿಂತ ಎಷ್ಟೋ ಹೆಚ್ಚು. ಈಗ ಕಿರಣವನ್ನು ಬೆನ್ನಿನ ಕಡೆಯಿಂದ ಹಾಯಿಸಿ ಎದೆಗೆ ಬೀಳುವುದನ್ನು ಕಡಿಮೆ ಮಾಡುತ್ತಾರೆ. ಹಾಗೆಯೇ ತೆಗೆಯಿರಿ ಎಂದು ಕೇಳಿ. ಹಳೆಯ ಫಿಲಂಗಳನ್ನು ಜೋಪಾನವಾಗಿಟ್ಟು ಪ್ರತಿ ಸಲ ಒಯ್ಯಿರಿ. ಅವು ಕಳೆದುಹೋದವೆಂದು ಮತ್ತೆ ತೆಗೆಯುವ ಎಕ್ಸ್‌ರೇಗಳೇ ನಮ್ಮಲ್ಲಿ ಹೆಚ್ಚು.

ಪ್ರಶ್ನೆ: ಹೊನ್ನಾವರ ತಾಲೂಕಿನ ಪ್ರಾಥಮಿಕ ಶಾಲೆಯ ಶಿಕ್ಷಕಿ. ಭಾರದ ಚೀಲದಿಂದ ಬೆನ್ನು ಬಾಗುತ್ತದೆಯೇ? ತರಗತಿಯಲ್ಲಿ ಗುರುತಿಸುವುದು ಹೇಗೆ?

ಉತ್ತರ: ಚೀಲದಿಂದ ನೋವು ಬರಬಹುದು, ಸ್ಕೋಲಿಯೋಸಿಸ್ ಬರುವುದಿಲ್ಲ. ಭಾರ ಇಳಿಸಿದರೆ ಒಳ್ಳೆಯದೇ. ಗುರುತಿಸಲು ಮಗು ಪಾದ ಜೋಡಿಸಿ, ಮಂಡಿ ನೇರವಿಟ್ಟು, ಅಂಗೈ ಜೋಡಿಸಿ ಮುಂದಕ್ಕೆ ಬಗ್ಗಲಿ. ನೀವು ಹಿಂದಿನಿಂದ ಬೆನ್ನಿನ ಮಟ್ಟಕ್ಕೆ ಕಣ್ಣಿಟ್ಟು ನೋಡಿ. ಒಂದು ಪಕ್ಕ ಎತ್ತರವಾಗಿ ಕಂಡರೆ ತೋರಿಸಬೇಕು. ಹೆಗಲು ಏರುಪೇರು, ಸೊಂಟದ ಒಂದೇ ಕಡೆ ಮಡಿಕೆ, ಅಂಗಿಯ ಅಂಚು ಓರೆಯಾಗಿರುವುದು ಕೂಡ ಸೂಚನೆಗಳು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಆ ಮಗುವಿನ ಹೆಸರನ್ನು ಅವರಿಗೆ ಬರೆಸಿ, ಆದರೆ ಅವರು ಬರುವವರೆಗೆ ಕಾಯದೆ ಅಪ್ಪ ಅಮ್ಮನನ್ನು ಕರೆಸಿ ಹೇಳಿ. ಹೇಳುವಾಗ ಬೇರೆ ಮಕ್ಕಳು ಸುತ್ತ ಇರುವುದು ಬೇಡ.